ಗ್ಯಾಸ್ ಖಾಲಿಯಾಗಲ್ಲ ಸ್ವಾಮಿ, ಸೋರುತ್ತೆ!

ಯುಗಾದಿ ಕಳೆದು ಬಿಸಿಲು ನೆತ್ತಿಗೇರಿತು ಅಂದ್ರೆ ನಮ್ಮ ಕಡೆ ಕಾರಿರೋರ ಬಾಯಲ್ಲೆಲ್ಲ ಒಂದೇ ಮಾತು, "ಏಸಿ ಕೂಲಿಂಗ್ ಬರ್ತಿಲ್ಲ". ಗ್ಯಾರೇಜಿನವರ ಬಾಯಲ್ಲೂ ಒಂದೇ ಉತ್ತರ. ವಕ್ಕಲೇರಿಯಿಂದ ಕೋಲಾರಕ್ಕೋ ಮಾಲೂರಿಗೋ ಹೋದ್ರೆ "ಗ್ಯಾಸ್ ಖಾಲಿ ಆಗಿದೆ ಸಾರ್". ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೋದ್ರೆ "ಗ್ಯಾಸ್ ಅಯಿಪೋಯಿಂದಿ ಅಣ್ಣಾ". ಭಾಷೆ ಬೇರೆ, ಬಿಲ್ಲು ಮಾತ್ರ ಒಂದೇ :-)

ನನ್ನ ತಕರಾರು ಇರೋದು ಆ "ಖಾಲಿ" ಅನ್ನೋ ಪದದ ಮೇಲೆ. ಖಾಲಿ ಆಗೋದು ಪೆಟ್ರೋಲು. ಖಾಲಿ ಆಗೋದು ಅಡಿಗೆಮನೆ ಸಿಲಿಂಡರು. ಅವೆರಡೂ ಉರಿದು ಹೋಗ್ತವೆ, ಮತ್ತೆ ತುಂಬಿಸಬೇಕು, ಸರಿ. ಏಸಿ ಒಳಗಿನ ಗ್ಯಾಸು ಉರಿಯೋದೂ ಇಲ್ಲ, ಸವೆಯೋದೂ ಇಲ್ಲ. ಮುಚ್ಚಿದ ಪೈಪುಗಳ ಒಳಗೆ ಅದೇ ಗ್ಯಾಸು ಗಾಣದೆತ್ತಿನ ಹಾಗೆ ಸುತ್ತುತ್ತಾ ಇರುತ್ತೆ. ಅದು ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಒಂದು ಕಡೆಯಿಂದ ಹೊರಗೆ ಹೋಗಿದೆ ಅಂತ ಅರ್ಥ. ಹಾಗಿರುವಾಗ "ಎಷ್ಟು ಹಾಕಬೇಕು?" ಅನ್ನೋದಕ್ಕಿಂತ ಮುಂಚೆ "ಎಲ್ಲಿಂದ ಹೋಯ್ತು?" ಅಂತ ಕೇಳಬೇಕಲ್ವಾ? ಆ ಪ್ರಶ್ನೆಯನ್ನ ಯಾರೂ ಕೇಳ್ತಿಲ್ಲ. ಅದಕ್ಕೇ ಈ ಬರಹ.

ನಿಮ್ಮ ಮನೆ ಫ್ರಿಜ್ಜನ್ನೇ ನೋಡಿ. ಅದರೊಳಗೂ ಇಂಥದ್ದೇ ಗ್ಯಾಸು, ಇಂಥದ್ದೇ ಕಂಪ್ರೆಸರ್. ಹತ್ತು ಹದಿನೈದು ವರ್ಷ ಓಡುತ್ತೆ. ಪ್ರತಿ ಬೇಸಿಗೆಗೂ ಫ್ರಿಜ್ಜಿಗೆ ಗ್ಯಾಸ್ ಹಾಕಿಸೋರನ್ನ ಎಲ್ಲಾದರೂ ಕಂಡಿದ್ದೀರಾ? ಹೌದು, ಕಾರು ಫ್ರಿಜ್ಜಲ್ಲ. ಅಲ್ಲಾಡುತ್ತೆ, ಅದರಲ್ಲಿ ರಬ್ಬರ್ ಹೋಸುಗಳಿರುತ್ತವೆ, ಕಂಪ್ರೆಸರನ್ನ ಬೆಲ್ಟು ತಿರುಗಿಸೋದರಿಂದ ಶಾಫ್ಟಿಗೊಂದು ಸೀಲು ಬೇಕು. ಹಾಗಾಗಿ ವರ್ಷಗಳ ಮೇಲೆ ಒಂದಿಷ್ಟು ಜಿನುಗೋದು ಸಹಜ. ನಾಲ್ಕೈದು ವರ್ಷ ಕಳೆದ ಮೇಲೆ ಕೂಲಿಂಗ್ ಸ್ವಲ್ಪ ಕಮ್ಮಿ ಆಯ್ತು ಅಂದ್ರೆ ಒಪ್ಪೋಣ. ಆದ್ರೆ ಹೋದ ಏಪ್ರಿಲ್‌ನಲ್ಲಿ ಹಾಕಿಸಿದ್ದು ಈ ಏಪ್ರಿಲ್‌ಗೆ ಇಲ್ಲ ಅಂದ್ರೆ ಅದು ಸಹಜ ಅಲ್ಲ, ತೂತು.

ಈಗ ಇದು ಕೆಲಸ ಮಾಡೋದು ಹೇಗೆ ಅಂತ ಎರಡು ಮಾತು. ಗೊತ್ತಿರೋರು ಈ ಪ್ಯಾರಾ ಹಾರಿಸಿ ಮುಂದೆ ಹೋಗಬಹುದು.

ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಣ್ಣಗಿರುತ್ತೆ? ಮಡಕೆಯ ಮೈಯಿಂದ ಜಿನುಗಿದ ನೀರು ಆವಿ ಆಗುವಾಗ ಒಳಗಿನ ಶಾಖವನ್ನ ಹೊತ್ತುಕೊಂಡು ಹೋಗುತ್ತೆ. ಏಸಿ ಕೂಡ ಮಡಕೆಯೇ. ಆದರೆ ಮಡಕೆಯ ನೀರು ಗಾಳಿಗೆ ಹೋಗುತ್ತೆ, ಏಸಿಯಲ್ಲಿ ಹೋದದ್ದನ್ನ ಹಿಡಿದು ವಾಪಸ್ಸು ತರ್ತಾರೆ. ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಕಾರುಗಳಲ್ಲಿ ಇರೋದು ಆರ್-134ಎ ಅನ್ನೋ ಗ್ಯಾಸು. ಮಾಮೂಲಿ ಗಾಳಿಯ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದುಬಿಡುತ್ತೆ. ಡ್ಯಾಶ್‌ಬೋರ್ಡಿನ ಹಿಂದೆ ಇರುವ ಕೂಲಿಂಗ್ ಕಾಯಿಲ್ ಒಳಗೆ ಅದು ಕಮ್ಮಿ ಒತ್ತಡದಲ್ಲಿ ಕುದಿದು, ಕಾರಿನೊಳಗಿನ ಶಾಖವನ್ನ ಎಳ್ಕೊಳ್ಳುತ್ತೆ. ಕಂಪ್ರೆಸರ್ ಆ ಆವಿಯನ್ನ ಹಿಂಡಿ ಬಿಸಿ ಮಾಡಿ ಮುಂದಕ್ಕೆ ತಳ್ಳುತ್ತೆ. ರೇಡಿಯೇಟರಿನ ಮುಂದೆ, ಗ್ರಿಲ್ಲಿನ ಹಿಂದೆ ಕೂತಿರೋ ಕಂಡೆನ್ಸರ್ ಅನ್ನೋ ಜಾಲರಿಯಲ್ಲಿ ಅದು ಶಾಖವನ್ನ ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವ ಆಗುತ್ತೆ. ಅಲ್ಲಿಂದ ಒಂದು ಕಿರಿದಾದ ವಾಲ್ವ್ ದಾಟಿ ಮತ್ತೆ ಕಾಯಿಲ್‌ಗೆ. ಇಷ್ಟೇ ಕಥೆ.

ಇದರಲ್ಲಿ ಗಮನಿಸಬೇಕಾದ್ದು ಒಂದು. ಏಸಿ ತಂಪನ್ನ "ತಯಾರಿಸೋದಿಲ್ಲ". ಒಳಗಿನ ಶಾಖವನ್ನ ಹೊರಗೆ ಸಾಗಿಸುತ್ತೆ, ಅಷ್ಟೆ. ಹೊರಗೆ ಇಳಿಸೋ ಜಾಗವೇ ಕಾದು ಕೆಂಡ ಆಗಿದ್ರೆ ಇಳಿಸೋದು ಕಷ್ಟ ಆಗುತ್ತೆ. ಡಿಸೆಂಬರ್‌ನಲ್ಲಿ ಚೆನ್ನಾಗಿದ್ದ ಏಸಿ ಏಪ್ರಿಲ್‌ನಲ್ಲಿ ಕೈಕೊಡೋದು ಅದಕ್ಕೇ. ಗ್ಯಾಸು ಒಂದು ಗ್ರಾಂ ಕೂಡ ಕಮ್ಮಿ ಆಗದೇ ಇದ್ರೂ ಕೈಕೊಡಬಹುದು!

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತೆ. ಧೂಳು. ಮಾಲೂರಿನ ಇಟ್ಟಿಗೆ ಲೋಡು, ಕ್ವಾರಿಗಳ ಜಲ್ಲಿ ಟಿಪ್ಪರು, ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹಗಲೂ ರಾತ್ರಿ ಓಡಾಡೋ ವಾಹನಗಳು, ಇವುಗಳ ಹಿಂದೆ ಹತ್ತು ಕಿಲೋಮೀಟರ್ ಹೋಗಿ ಬಂದ್ರೆ ಸಾಕು, ಕಾರಿನ ಮೂತಿ ಕೆಂಪಗಾಗಿರುತ್ತೆ. ಆ ಕೆಮ್ಮಣ್ಣು ಕಂಡೆನ್ಸರಿನ ಸಣ್ಣ ಸಣ್ಣ ರೆಕ್ಕೆಗಳ ಸಂದಿಯಲ್ಲಿ ಕೂತುಕೊಳ್ಳುತ್ತೆ. ಮಳೆಗಾಲದಲ್ಲಿ ಅದಕ್ಕೆ ಹುಳ ಹುಪ್ಪಟೆ ಸೇರಿ ಗಾರೆ ಆಗುತ್ತೆ. ಆಮೇಲೆ ಗಾಳಿ ಆಡೋದಾದ್ರೂ ಎಲ್ಲಿಂದ?

ಕಂಡೆನ್ಸರಿನಲ್ಲಿ ಗಾಳಿ ಆಡದಿದ್ರೆ ಒಳಗಿನ ಒತ್ತಡ ಏರುತ್ತೆ. ಕಾರಿನ ಟೈರಿಗೆ ನಾವು ಹಾಕಿಸೋದು ಸುಮಾರು 30 ಪಿಎಸ್ಐ ಗಾಳಿ. ಬಿಸಿಲ ದಿನ ಏಸಿಯ ಬಿಸಿ ಕಡೆ ಪೈಪಿನಲ್ಲಿ 200ರಿಂದ 250 ಪಿಎಸ್ಐ ಇರೋದು ಮಾಮೂಲು. ಅದಕ್ಕಿಂತ ತುಂಬಾ ಮೇಲೆ ಹೋದ್ರೆ ಅಪಾಯ ಅಂತ ಅಲ್ಲೊಂದು ಪ್ರೆಶರ್ ಸ್ವಿಚ್ಚೋ ಸೆನ್ಸಾರೋ ಇದ್ದು, ಕಂಪ್ರೆಸರನ್ನ ನಿಲ್ಲಿಸಿಬಿಡುತ್ತೆ. ನಿಮಗೆ ಕಾಣೋದು "ಮಧ್ಯಾಹ್ನ ಏಸಿ ಕೆಲಸ ಮಾಡ್ತಿಲ್ಲ" ಅಂತ. ನೀವು ಗ್ಯಾರೇಜಿಗೆ ಹೋಗ್ತೀರಿ. ಅವರು ಅಂದಾಜಿನ ಮೇಲೆ ಇನ್ನಷ್ಟು ಗ್ಯಾಸ್ ತುಂಬ್ತಾರೆ. ಒತ್ತಡ ಇನ್ನೂ ಏರುತ್ತೆ! ಸಂಜೆ ತಂಪಿನ ಹೊತ್ತಲ್ಲಿ ನೋಡಿದ್ರೆ ಚೆನ್ನಾಗೇ ಕೂಲಿಂಗ್ ಬರುತ್ತೆ, ದುಡ್ಡು ಕೊಟ್ಟು ಖುಷಿಯಿಂದ ಮನೆಗೆ ಬರ್ತೀರಿ. ಮಾರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಮತ್ತದೇ ಹಾಡು. ರೋಗಕ್ಕೆ ಕೊಟ್ಟ ಮದ್ದೇ ರೋಗ ಜಾಸ್ತಿ ಮಾಡಿತು.

ಇನ್ನೊಂದು ವಿಷಯ. ಯಾವ ಕಾರಿಗೆ ಎಷ್ಟು ಗ್ಯಾಸು ಅಂತ ಕಂಪನಿಯವರು ಬಾನೆಟ್ ಕೆಳಗೆ ಒಂದು ಸ್ಟಿಕರ್ ಅಂಟಿಸಿರ್ತಾರೆ, ಗ್ರಾಂ ಲೆಕ್ಕದಲ್ಲಿ. ಸಣ್ಣ ಕಾರುಗಳಿಗೆ ಅರ್ಧ ಕೆ.ಜಿ.ಯೂ ಬೇಡ. ಅಂಗಡಿಯಲ್ಲಿ ಬೇಳೆ ತಗೊಂಡ್ರೆ ತಕ್ಕಡಿ ಮುಳ್ಳು ನೋಡ್ತೀವಿ, ಟೊಮೇಟೊ ಮಂಡಿಯಲ್ಲಿ ಬಾಕ್ಸಿನ ತೂಕಕ್ಕೆ ಜಗಳ ಆಡ್ತೀವಿ. ಗ್ಯಾಸನ್ನ ಮಾತ್ರ "ಹಾಕಿದೀನಿ ಸಾರ್, ಫುಲ್" ಅಂದ್ರೆ ನಂಬಿಬಿಡ್ತೀವಿ. ತೂಕ ಮಾಡದೆ ಹಾಕಿದ ಗ್ಯಾಸು ಕಮ್ಮಿ ಆದ್ರೂ ಕಷ್ಟ, ಜಾಸ್ತಿ ಆದ್ರೂ ಕಷ್ಟ.

ಹಾಗಾದ್ರೆ ಗ್ಯಾರೇಜಿಗೆ ಹೋಗೋ ಮುಂಚೆ ನಾವೇ ನೋಡಬಹುದಾದ್ದು ಏನಾದ್ರೂ ಇದೆಯಾ? ಇದೆ. ಸ್ಪ್ಯಾನರ್ ಕೂಡ ಬೇಡ, ಕಣ್ಣು, ಕಿವಿ, ಅಂಗೈ ಸಾಕು.

ಹೈವೇಯಲ್ಲಿ ಓಡುವಾಗ ತಂಪು, ಟೋಲ್‌ನಲ್ಲೋ ಸಿಗ್ನಲ್‌ನಲ್ಲೋ ನಿಂತ ತಕ್ಷಣ ಬಿಸಿ ಗಾಳಿ. ಇದು ಬಹುತೇಕ ಕಂಡೆನ್ಸರ್ ಕಟ್ಟಿರೋದು, ಇಲ್ಲಾ ಮುಂದಿನ ಫ್ಯಾನು ತಿರುಗದೇ ಇರೋದು. ಓಡುವಾಗ ಗಾಳಿ ತಾನಾಗೇ ಬಡಿಯುತ್ತೆ, ನಿಂತಾಗ ಫ್ಯಾನೇ ಗತಿ. ಏಸಿ ಹಾಕಿ, ಬಾನೆಟ್ ಎತ್ತಿ, ದೂರದಿಂದಲೇ ಫ್ಯಾನು ತಿರುಗ್ತಿದೆಯಾ ನೋಡಿ. ಕೈ ಹಾಕಬೇಡಿ, ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಮಾಡಿದ ಮೇಲೂ ಆ ಫ್ಯಾನು ತಾನಾಗೇ ತಿರುಗುತ್ತೆ.

ಬ್ಲೋವರ್ ನಾಲ್ಕರಲ್ಲಿಟ್ಟರೂ ಗಾಳಿಯೇ ಬರಲ್ಲ, ಬಂದ ಸ್ವಲ್ಪ ಗಾಳಿ ತಣ್ಣಗಿದೆ. ಇದು ಏಸಿ ಫಿಲ್ಟರ್ ಮಣ್ಣು ತುಂಬಿರೋದು. ಎಷ್ಟೋ ಕಾರುಗಳಲ್ಲಿ ಇದು ಗ್ಲವ್ ಬಾಕ್ಸಿನ ಹಿಂದೆ ಇರುತ್ತೆ, ಐದು ನಿಮಿಷದ ಕೆಲಸ. ಹೊಸ ಫಿಲ್ಟರಿಗೆ ಕೆಲವು ನೂರು ರೂಪಾಯಿ. ನಮ್ಮ ಧೂಳಿಗೆ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಬೇಗ ಬದಲಾಯಿಸಬೇಕು.

ಮೊದಲು ಚೆನ್ನಾಗಿ ತಂಪು, ಅರ್ಧ ಗಂಟೆ ಆದ ಮೇಲೆ ಗಾಳಿ ನಿಂತೇಹೋಗುತ್ತೆ, ಸ್ವಲ್ಪ ಹೊತ್ತು ಆಫ್ ಮಾಡಿ ಹಾಕಿದ್ರೆ ಮತ್ತೆ ಬರುತ್ತೆ. ಇದು ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿಕೊಳ್ಳೋದು. ಫಿಲ್ಟರ್ ಕಟ್ಟಿರಬಹುದು, ಕಾಯಿಲಿನ ಸೆನ್ಸಾರ್ ಹೋಗಿರಬಹುದು, ಗ್ಯಾಸು ಕಮ್ಮಿ ಆಗಿರಲೂಬಹುದು.

ಗಾಳಿ ಜೋರು, ತಂಪು ಮಾತ್ರ ಚೂರೂ ಇಲ್ಲ. ಏಸಿ ಬಟನ್ ಒತ್ತಿದಾಗ ಇಂಜಿನ್ ಕಡೆಯಿಂದ "ಟಕ್" ಅಂತ ಸದ್ದು ಬರುತ್ತಾ ಕೇಳಿ. ಬರದಿದ್ರೆ ಕಂಪ್ರೆಸರಿನ ಕ್ಲಚ್ ಹಿಡೀತಿಲ್ಲ. ಫ್ಯೂಸ್, ರಿಲೇ, ವೈರು, ಇಲ್ಲಾ ಗ್ಯಾಸು ಪೂರ್ತಿ ಹೋಗಿ ಸ್ವಿಚ್ಚು ತಡೆದಿರೋದು. (ಕೆಲವು ಹೊಸ ಕಾರುಗಳಲ್ಲಿ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುತ್ತೆ, ಅವುಗಳಲ್ಲಿ ಈ ಸದ್ದು ಹುಡುಕಬೇಡಿ.)

ಕೊನೆಗೊಂದು, ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಬಾನೆಟ್ ಒಳಗೆ ಏಸಿಗೆ ಸೇರಿದ ಎರಡು ಅಲ್ಯೂಮಿನಿಯಂ ಪೈಪು ಕಾರಿನೊಳಗೆ ಹೋಗೋದು ಕಾಣುತ್ತೆ, ಒಂದು ದಪ್ಪ, ಒಂದು ಸಣ್ಣ. ಏಸಿ ಹತ್ತು ನಿಮಿಷ ಓಡಿಸಿ, ಇಂಜಿನ್ ಆಫ್ ಮಾಡಿ, ಫ್ಯಾನು ನಿಂತಿದೆ ಅಂತ ಖಾತ್ರಿ ಮಾಡ್ಕೊಂಡು ದಪ್ಪ ಪೈಪನ್ನ ಮುಟ್ಟಿ ನೋಡಿ. ತಣ್ಣಗೆ ಬೆವರಿದ್ರೆ ಏಸಿ ತನ್ನ ಕೆಲಸ ಮಾಡ್ತಿದೆ. ಆದ್ರೂ ಒಳಗೆ ಬಿಸಿ ಗಾಳಿ ಬರ್ತಿದೆ ಅಂದ್ರೆ ತಪ್ಪು ಗ್ಯಾಸಿನದ್ದಲ್ಲ, ಬಿಸಿ-ತಂಪು ಬೆರೆಸೋ ಒಳಗಿನ ಬಾಗಿಲಿನದ್ದು. ಹೀಟರಿನ ಬಿಸಿ ಬಂದು ತಂಪಿಗೆ ಬೆರೀತಿರುತ್ತೆ. ಇಂಥ ಕಾರಿಗೆ ಎಷ್ಟು ಸಿಲಿಂಡರ್ ಗ್ಯಾಸ್ ಸುರಿದ್ರೂ ಅಷ್ಟೇ.

ಇಷ್ಟು ನೋಡಿದ್ರಲ್ಲಾ, ಐದು ಕಾಯಿಲೆ. ಅದರಲ್ಲಿ ಗ್ಯಾಸಿನ ಮಾತು ಬಂದದ್ದು ಎರಡರಲ್ಲಿ, ಅದೂ "ಇರಬಹುದು" ಅಂತ. ಆದ್ರೆ ನಮ್ಮಲ್ಲಿ ಐದಕ್ಕೂ ಒಂದೇ ಚೀಟಿ.

ನಮ್ಮ ಹೋಬಳಿಯಲ್ಲೇ ಟ್ಯಾಕ್ಸಿ ಓಡಿಸೋ ಒಬ್ಬರಿದ್ದಾರೆ. ಸಾಲ ಮಾಡಿ ತಗೊಂಡ ಗಾಡಿ. ದಿನಕ್ಕೊಂದು ಏರ್‌ಪೋರ್ಟ್ ಟ್ರಿಪ್ ಸಿಕ್ಕಿದ್ರೆ ಕಂತು ಕಟ್ಟಬಹುದು, ಇಲ್ಲದಿದ್ರೆ ಇಲ್ಲ. ಏಸಿ ಸರಿಯಿಲ್ಲ ಅಂದ್ರೆ ಗಿರಾಕಿ ಒಂದು ನಕ್ಷತ್ರ ಕೊಟ್ಟು ಇಳಿದು ಹೋಗ್ತಾನೆ, ಮಾರನೇ ದಿನ ಬುಕಿಂಗ್ ಕಮ್ಮಿ. ಮೂರು ಬೇಸಿಗೆ ಅವರು ಒಂದೇ ಗ್ಯಾರೇಜಿಗೆ ಹೋಗಿ ಗ್ಯಾಸ್ ಹಾಕಿಸಿದ್ರು. ಪ್ರತಿ ಸಲ ಎರಡು ಸಾವಿರದ ಹತ್ತಿರ ಹತ್ತಿರ. ಮೂರನೇ ಸಲ ಎರಡೇ ತಿಂಗಳಿಗೆ ಮತ್ತೆ ಬಿಸಿ. "ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು" ಅಂದ್ರಂತೆ. ಇಪ್ಪತ್ತು ಸಾವಿರದ ಮೇಲಿನ ಮಾತು. ಆ ಮನುಷ್ಯ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.

ಕೊನೆಗೆ ಯಾರೋ ಹೇಳಿದ್ರು ಅಂತ ಇನ್ನೊಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಕರ್ಕೊಂಡು ಹೋದ್ವಿ. ಆತ ಗೇಜೂ ಹಚ್ಚಲಿಲ್ಲ, ಗ್ಯಾಸೂ ಮುಟ್ಟಲಿಲ್ಲ. ಬ್ಯಾಟರಿ ಹಾಕಿಕೊಂಡು ಪೈಪಿನುದ್ದಕ್ಕೂ ಕಣ್ಣಾಡಿಸಿದ. ಒಂದು ಜಾಯಿಂಟ್ ಹತ್ತಿರ ನಿಂತ. ಗಾಡಿಯೆಲ್ಲ ಒಣ ಧೂಳು, ಆ ಜಾಗದಲ್ಲಿ ಮಾತ್ರ ಧೂಳು ಜಿಡ್ಡಾಗಿ ಮೆತ್ತಿಕೊಂಡಿತ್ತು. "ಗ್ಯಾಸು ಕಾಣಲ್ಲ ಸಾರ್, ಆದ್ರೆ ಅದರ ಜೊತೆ ಎಣ್ಣೆ ಬರುತ್ತೆ. ಎಣ್ಣೆ ಎಲ್ಲಿದೆಯೋ ತೂತು ಅಲ್ಲಿದೆ" ಅಂದ. ಸೋಪಿನ ನೀರು ಬಿಟ್ಟ. ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಒಂದು ರಬ್ಬರ್ ಓ-ರಿಂಗ್. ಅದರ ಬೆಲೆ ಹೇಳಿದ್ರೆ ನಗ್ತೀರಿ, ಎರಡು ಕಾಫಿ ದುಡ್ಡು. ಆಮೇಲೆ ಡ್ರೈಯರ್ ಬದಲಾಯಿಸಿ, ವ್ಯಾಕ್ಯೂಮ್ ಮಾಡಿ, ತೂಕ ಹಾಕಿ ಗ್ಯಾಸ್ ತುಂಬಿದ್ದಕ್ಕೆ ಬೇರೆ ಖರ್ಚು ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಹಳೇ ಕಂಪ್ರೆಸರೇ ಇವತ್ತಿಗೂ ಓಡ್ತಿದೆ.

ಇದನ್ನ ಹೇಳಿ "ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು" ಅಂತ ಷರಾ ಬರೆಯೋದು ಸುಲಭ. ನಾನು ಹಾಗೆ ಬರೆಯಲ್ಲ. ಯಾಕಂದ್ರೆ ಅದೇ ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದ. "ಲೀಕ್ ಹುಡುಕೋಕೆ ಒಂದೊಂದು ಸಲ ಎರಡು ಗಂಟೆ ಹಿಡಿಯುತ್ತೆ. ಹುಡುಕಿದ್ದಕ್ಕೆ ಇನ್ನೂರು ರೂಪಾಯಿ ಕೇಳಿದ್ರೆ, ಏನೂ ಹಾಕಿಲ್ಲವಲ್ಲಪ್ಪಾ, ಯಾಕೆ ದುಡ್ಡು ಅಂತಾರೆ. ಗ್ಯಾಸ್ ಹಾಕಿ ಎರಡು ಸಾವಿರ ಕೇಳಿದ್ರೆ ಮಾತಾಡದೆ ಕೊಡ್ತಾರೆ." ಹೌದಲ್ವಾ? ನಮಗೆ ವಸ್ತುವಿಗೆ ದುಡ್ಡು ಕೊಟ್ಟು ಅಭ್ಯಾಸ, ಬುದ್ಧಿಗೆ ಕೊಟ್ಟು ಅಭ್ಯಾಸ ಇಲ್ಲ. ಡಾಕ್ಟರು ಇಂಜೆಕ್ಷನ್ ಕೊಡದೇ ಕಳಿಸಿದ್ರೆ "ಏನೂ ಮಾಡ್ಲಿಲ್ಲ" ಅಂತ ಬೈಯೋರು ನಾವು. ಹುಡುಕುವ ಕೆಲಸಕ್ಕೆ ಕೂಲಿ ಕೊಡದ ಊರಲ್ಲಿ ಹುಡುಕುವವರು ಉಳಿಯೋದಿಲ್ಲ, ತುಂಬುವವರು ಮಾತ್ರ ಉಳೀತಾರೆ. ನನ್ನ ಪ್ರಕಾರ ಈ ರೋಗದ ಅರ್ಧ ಪಾಲು ಗ್ಯಾರೇಜಿನದ್ದು, ಇನ್ನರ್ಧ ನಮ್ಮದು.

ಈ ಬುದ್ಧಿ ಕಾರಿಗೆ ಮಾತ್ರ ಸೀಮಿತ ಅಂತಲೂ ನನಗೆ ಅನ್ನಿಸೋದಿಲ್ಲ. ನಮ್ಮ ಕೋಲಾರವನ್ನೇ ನೋಡಿ. ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲದ ಜಿಲ್ಲೆ. ಹಿರೀಕರು ಸಾವಿರಾರು ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಸೇರಿಸಿ ಬದುಕಿದ್ರು. ಆಮೇಲೆ ರಾಜಕಾಲುವೆ ಮುಚ್ಚಿಹೋಯ್ತು, ತೂಬು ಒಡೀತು, ಹೂಳು ತುಂಬಿತು. ಅದನ್ನ ಸರಿ ಮಾಡೋ ಬದಲು ಬೋರ್‌ವೆಲ್ ಕೊರೆಸಿದ್ವಿ. ನೀರು ಬತ್ತಿತು, ಇನ್ನೊಂದು ಕೊರೆಸಿದ್ವಿ, ಇನ್ನೂ ಆಳಕ್ಕೆ. ಸಾವಿರ ಅಡಿ ದಾಟಿ ಸಾವಿರದೈನೂರು ಅಡಿ ಮುಟ್ಟಿದ್ವಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸ್ತಿದ್ದಾರೆ. ಆ ನೀರು ಒಳ್ಳೇದೋ ಕೆಟ್ಟದ್ದೋ ಅನ್ನೋದು ಬೇರೆ ಚರ್ಚೆ, ಇನ್ನೊಮ್ಮೆ ಬರೀತೀನಿ. ಇಲ್ಲಿ ಹೇಳೋದು ಇಷ್ಟೇ, ತೂತು ಮುಚ್ಚದೆ ತುಂಬಿಸೋದು ನಮಗೆ ಹೊಸದಲ್ಲ. ಕೆರೆಯಲ್ಲೂ ಅದೇ, ಕಾರಲ್ಲೂ ಅದೇ.

ಸೋರಿಹೋದ ಗ್ಯಾಸು ನಮ್ಮ ಜೇಬಿಗೆ ಮಾತ್ರ ಕತ್ತರಿ ಹಾಕಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. ಹಿಂದೆ ಕಾರುಗಳಲ್ಲಿ ಆರ್-12 ಅಂತ ಇತ್ತು. ಅದು ಓಜೋನ್ ಪದರಕ್ಕೆ ತೂತು ಮಾಡುತ್ತೆ ಅಂತ ಗೊತ್ತಾಗಿ, 1987ರ ಮಾಂಟ್ರಿಯಲ್ ಒಪ್ಪಂದ ಬಂದು, ಆ ಜಾತಿಯ ಗ್ಯಾಸುಗಳಿಗೆ 2010ರ ಹೊತ್ತಿಗೆ ನಮ್ಮ ದೇಶದಲ್ಲೂ ತೆರೆ ಬಿತ್ತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಏನೂ ಮಾಡಲ್ಲ. ಆದ್ರೆ ಭೂಮಿಯನ್ನ ಬಿಸಿ ಮಾಡುತ್ತೆ. ಎಷ್ಟು? ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ 1430 ಪಟ್ಟು ಅಂತ ಕಿಗಾಲಿ ಒಪ್ಪಂದದ ಪಟ್ಟಿಯಲ್ಲಿದೆ. ಸ್ವಲ್ಪ ಲೆಕ್ಕ ಹಾಕೋಣ. 300 ಗ್ರಾಂ ಸೋರಿದ್ರೆ 429 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಬಿಟ್ಟಷ್ಟು. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕೆ.ಜಿ. ಬರುತ್ತೆ. ಅಂದ್ರೆ ಹತ್ತಿರ ಹತ್ತಿರ 186 ಲೀಟರ್ ಪೆಟ್ರೋಲಿನ ಹೊಗೆ. ಲೀಟರಿಗೆ 15 ಕಿ.ಮೀ. ಕೊಡೋ ಕಾರಿನಲ್ಲಿ ಬೆಂಗಳೂರಿಂದ ದೆಹಲಿ ಮುಟ್ಟಿ ಇನ್ನೂ ಮುಂದಕ್ಕೆ ಹೋಗಬಹುದು! ಮೂರು ವರ್ಷ ಸೋರಿದ್ರೆ ಮೂರು ಸಲ. ಭೂಮಿ ಬಿಸಿಯಾಗ್ತಿದೆ ಅಂತ ಏಸಿ ಹಾಕ್ತೀವಿ, ಏಸಿ ಸೋರಿ ಭೂಮಿ ಇನ್ನಷ್ಟು ಬಿಸಿಯಾಗುತ್ತೆ.

2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಈ ಜಾತಿ ಗ್ಯಾಸುಗಳನ್ನೂ ಕಮ್ಮಿ ಮಾಡೋಣ ಅಂತ ಒಪ್ಪಂದ ಆಯ್ತು. ಭಾರತ 2021ರಲ್ಲಿ ಅದನ್ನ ಅನುಮೋದಿಸಿತು. ನಮ್ಮ ಪಾಲಿಗೆ 2028ರಿಂದ ಮಿತಿ, 2032ರಿಂದ ಹಂತ ಹಂತವಾಗಿ ಇಳಿಕೆ, 2047ಕ್ಕೆ ಶೇಕಡಾ 85ರಷ್ಟು ಕಡಿತ. ಯುರೋಪಿನಲ್ಲಿ 2017ರಿಂದಲೇ ಹೊಸ ಕಾರುಗಳಿಗೆ ಆರ್-134ಎ ಹಾಕೋ ಹಾಗಿಲ್ಲ. ಸರಬರಾಜು ಕಮ್ಮಿ ಆದ್ರೆ ಬೆಲೆ ಏರೋದು ಟೊಮೇಟೊ ಬೆಳೆಯೋ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಲೆ ಏರಿದಾಗ ಇನ್ನೊಂದು ಅಪಾಯ ಬರುತ್ತೆ, ಕಲಬೆರಕೆ. ಆರ್-134ಎ ಹೆಸರಲ್ಲಿ ಬೇರೇನೋ ತುಂಬಿದ ಡಬ್ಬಗಳು ಜಗತ್ತಿನ ಬೇರೆ ಕಡೆ ಈಗಾಗಲೇ ಸಿಕ್ಕಿವೆ, ಅದರಲ್ಲಿ ಕೆಲವು ಅಲ್ಯೂಮಿನಿಯಂ ಜೊತೆ ಸೇರಿ ಸಿಡಿಯುವಂಥವು. "ಅಡಿಗೆ ಗ್ಯಾಸ್ ಹಾಕಿದ್ರೂ ಕೂಲಿಂಗ್ ಬರುತ್ತೆ" ಅನ್ನೋ ಬುದ್ಧಿವಂತರೂ ಇದ್ದಾರೆ. ಬರುತ್ತೆ, ನಿಜ. ಕೂಲಿಂಗ್ ಕಾಯಿಲ್ ಸೋರಿ ಆ ಗ್ಯಾಸು ಕಾರಿನೊಳಗೇ ತುಂಬಿಕೊಂಡಾಗ ಒಂದು ಕಿಡಿ ಸಾಕು. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2019ರ ಮಾರ್ಚಿನಲ್ಲಿ ಬಂದ ಕೇಂದ್ರದ ಕೂಲಿಂಗ್ ಆಕ್ಷನ್ ಪ್ಲಾನ್‌ನಲ್ಲಿ ರಿಪೇರಿ ಕೆಲಸದ ಒಂದು ಲಕ್ಷ ಜನಕ್ಕೆ ತರಬೇತಿ, ಪ್ರಮಾಣಪತ್ರ ಅಂತ ಗುರಿ ಇಟ್ಟಿದ್ರು. ಒಳ್ಳೇದೇ. ಆದ್ರೆ ತರಬೇತಿ ಪಡೆದವರು ಇದ್ದಾರಾ ಅಂತ ಕೇಳೋ ಗಿರಾಕಿ ಇಲ್ಲದಿದ್ರೆ ಆ ಪ್ರಮಾಣಪತ್ರ ಗೋಡೆ ಮೇಲಿನ ಫೋಟೋ ಅಷ್ಟೆ.

"ಏಸಿ ಕಾರು ಇರೋರ ಸಂಕಟ ಕಟ್ಕೊಂಡು ನಮಗೇನು?" ಅಂತ ಯಾರಾದ್ರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನನ್ನ ಉತ್ತರ, ಏಸಿ ಈಗ ಸುಖದ ವಿಷಯ ಆಗಿ ಉಳಿದಿಲ್ಲ. ಬೆಂಗಳೂರಿನಂಥ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38.5. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ ಇಪ್ಪತ್ತು ಡಿಗ್ರಿ ಜಾಸ್ತಿ ಆಗುತ್ತೆ. ಆ ಡಬ್ಬದೊಳಗೆ ದಿನಕ್ಕೆ ಹನ್ನೆರಡು ಗಂಟೆ ಕೂತು ದುಡಿಯೋರಿಗೆ ಅದು ಆರೋಗ್ಯದ ಪ್ರಶ್ನೆ, ಹಿಂದೆ ಕೂತವರಿಗೆ ಜೀವದ ಪ್ರಶ್ನೆ. ಲಾರಿ ಡ್ರೈವರ್‌ಗಳ ವಿಷಯದಲ್ಲಿ ಇದನ್ನ ಕಾನೂನೇ ಒಪ್ಪಿದೆ. ಹೊಸದಾಗಿ ತಯಾರಾಗೋ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ. ಮುಳಬಾಗಿಲು ದಾರಿಯಲ್ಲಿ ಲಂಗೋಟಿಯಂಥ ಟವೆಲ್ ಒಂದನ್ನ ಕೊರಳಿಗೆ ಸುತ್ತಿಕೊಂಡು, ಇಂಜಿನ್ನಿನ ಝಳಕ್ಕೆ ಬೇಯುತ್ತಾ ಲಾರಿ ಓಡಿಸಿದವರನ್ನ ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತೆ. ಆದ್ರೆ ಏಸಿ ಕೊಟ್ಟರೆ ಮುಗೀಲಿಲ್ಲ. ಎರಡು ವರ್ಷ ಆದ ಮೇಲೆ ಅದು ಕೆಟ್ಟಾಗ ಹೈವೇ ಬದಿಯಲ್ಲಿ ಸರಿಯಾಗಿ ರಿಪೇರಿ ಮಾಡೋರು ಬೇಕು. ಇಲ್ಲದಿದ್ರೆ ಡ್ರೈವರ್ ಪಾಲಿಗೆ ಉಳಿಯೋದು ತಣ್ಣಗಾಗದ ಒಂದು ಬಟನ್ನು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಇನ್ನುಮುಂದೆ ಏಸಿ ರಿಪೇರಿಗೆ ಹೋದಾಗ ಗಟ್ಟಿಯಾಗಿ, ಮರ್ಯಾದೆಯಿಂದ ಕೆಲವು ಮಾತು ಕೇಳೋಣ. ಗೇಜ್ ಹಚ್ಚಿ ಎರಡೂ ಕಡೆ ಒತ್ತಡ ತೋರಿಸ್ತೀರಾ? ಗ್ಯಾಸು ಕಮ್ಮಿ ಇದ್ರೆ ಎಲ್ಲಿ ಸೋರಿದೆ ಅಂತ ಹುಡುಕ್ತೀರಾ, ನೈಟ್ರೋಜನ್ ತುಂಬಿಯೋ, ಸೋಪಿನ ನೀರು ಬಿಟ್ಟೋ, ಬಣ್ಣ ಹಾಕಿಯೋ? ಉಳಿದಿರೋ ಗ್ಯಾಸನ್ನ ಗಾಳಿಗೆ ಬಿಡದೆ ಮಷಿನ್ನಿಗೆ ಎಳ್ಕೊಳ್ತೀರಾ? ತುಂಬೋ ಮುಂಚೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಮಾಡ್ತೀರಾ? (ಒಳಗೆ ತೇವ ಉಳಿದ್ರೆ ಅದೇ ಮುಂದೆ ಪೈಪನ್ನ ತಿನ್ನುತ್ತೆ.) ಎಷ್ಟು ಗ್ರಾಂ ಹಾಕಿದ್ರಿ ಅಂತ ಬಿಲ್ಲಲ್ಲಿ ಬರೀತೀರಾ? ಮತ್ತೆ, ಇದು ಮುಖ್ಯ, ಹುಡುಕಿದ್ದಕ್ಕೆ ಕೂಲಿ ಎಷ್ಟು? ಅದನ್ನ ನಾವೇ ಮೊದಲು ಕೇಳಬೇಕು, ನಗುಮುಖದಿಂದ ಕೊಡಬೇಕು. ಪೈಪಿನ ಕೆಲಸ ಮಾತ್ರ ಮನೆಯಲ್ಲಿ ನಾವೇ ಬಿಚ್ಚೋಕೆ ಹೋಗಬಾರದು. ಆ ಗ್ಯಾಸು ಚರ್ಮಕ್ಕೋ ಕಣ್ಣಿಗೋ ಚಿಮ್ಮಿದ್ರೆ ಸುಟ್ಟ ಹಾಗೆ ಹೆಪ್ಪುಗಟ್ಟಿಸುತ್ತೆ.

ಮನೆಯಲ್ಲಿ ಮಾಡಬಹುದಾದ್ದು ಬೇರೆ ಇದೆ. ತಿಂಗಳಿಗೊಮ್ಮೆ ಕಂಡೆನ್ಸರಿಗೆ ಮೆಲ್ಲಗೆ ನೀರು ಬಿಡಿ, ಇಂಜಿನ್ ತಣ್ಣಗಿರುವಾಗ. ವಾಟರ್ ಸರ್ವೀಸಿನ ಜೋರು ಪಂಪು ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕಾರನ್ನ ಹೊಂಗೆ ಮರದ ಕೆಳಗೋ ಹುಣಸೆ ಮರದ ಕೆಳಗೋ ನಿಲ್ಲಿಸಿ. ಹೊರಡುವಾಗ ಮೊದಲೆರಡು ನಿಮಿಷ ಗಾಜು ಇಳಿಸಿ ಬಿಸಿ ಗಾಳಿ ಆಚೆ ಹೋಗಲಿ, ಆಮೇಲೆ ಗಾಜು ಏರಿಸಿ ಒಳಗಿನ ಗಾಳಿಯೇ ಸುತ್ತೋ ಬಟನ್ ಒತ್ತಿ. ಎಷ್ಟೋ ಜನ ಆ ಬಟನ್ ಒತ್ತದೆ ಹೊರಗಿನ ಬಿಸಿಲನ್ನೇ ಎಳ್ಕೊಂಡು ಏಸಿಯನ್ನ ಬೈತಿರ್ತಾರೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ, ಕಂಪ್ರೆಸರಿನ ಸೀಲಿಗೆ ಎಣ್ಣೆ ತಾಗುತ್ತಾ ಇದ್ರೆ ಒಣಗಿ ಬಿರಿಯೋದಿಲ್ಲ.

ನಮ್ಮ ವಕ್ಕಲೇರಿಯಲ್ಲಿ ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ತಾಮ್ರಪಟ ಸಿಕ್ಕಿದ್ದು ಚರಿತ್ರೆ ಓದಿದವರಿಗೆ ಗೊತ್ತು. ಕ್ರಿ.ಶ. 757ರದ್ದು. ಸಾವಿರದಿನ್ನೂರು ವರ್ಷ ದಾಟಿದ್ರೂ ಆ ಲೋಹದ ಮೇಲಿನ ಅಕ್ಷರ ಓದೋಕೆ ಸಿಕ್ತು. ಕಾರಿನ ಅಲ್ಯೂಮಿನಿಯಂ ಪೈಪಿಗೆ ಅಷ್ಟು ಆಯಸ್ಸು ಯಾರೂ ಕೇಳ್ತಿಲ್ಲ ಬಿಡಿ, ಹತ್ತು ಬೇಸಿಗೆ ಬಂದ್ರೆ ಸಾಕು :-) ಅದು ಬರುತ್ತೆ ಕೂಡ, ತೂತು ಹುಡುಕೋ ತಾಳ್ಮೆ ನಮಗಿದ್ರೆ.

ನಿಮ್ಮೂರಲ್ಲಿ ಲೀಕ್ ಹುಡುಕಿ ಕೊಡೋ ಮೆಕ್ಯಾನಿಕ್ ಯಾರಾದ್ರೂ ಇದ್ರೆ ಅವರನ್ನ ಕೈಬಿಡಬೇಡಿ. ನಾಲ್ಕು ಜನಕ್ಕೆ ಹೇಳಿ. ಈ ಏಪ್ರಿಲ್‌ನಲ್ಲಿ ಯಾರಾದ್ರೂ "ಗ್ಯಾಸ್ ಖಾಲಿ" ಅಂದ್ರೆ, ಜಗಳ ಬೇಡ, "ಎಲ್ಲಿಗೆ ಹೋಯ್ತು ಅಣ್ಣಾ?" ಅಂತ ಒಂದು ಸಲ ಕೇಳಿ ನೋಡಿ.